ಮೂಗಿನ ಕೆಳಗಿನ ಹೊಲಿಗೆ

ಮಾತು ಶುರು ಮಾಡುವಾಗ "ನಿಮಗ ಗೊತ್ತೇನು?" ಎನ್ನುವುದು ನನ್ನ ಚಾಳಿ. ಗಂಗಾವತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಕಲಿಸಿ ಅಂಟಿಕೊಂಡದ್ದು, ನಿವೃತ್ತಿಯಾದ ಮೇಲೂ ಬಿಡಲಿಲ್ಲ. ನಮ್ಮ ಬಳಗದವರು ನನ್ನ ಬೆನ್ನ ಹಿಂದೆ "ಗೊತ್ತೇನಕ್ಕ ಬಂದ್ಲು" ಎಂದು ನಗುತ್ತಾರೆಂಬುದು ನನಗೆ ತಿಳಿಯದ ವಿಷಯವೇನಲ್ಲ. ನಗಲಿ. ಜಗತ್ತಿನಲ್ಲಿ ಇಷ್ಟೊಂದು ಸೋಜಿಗಗಳಿರುವಾಗ ಬಾಯಿ ಮುಚ್ಚಿಕೊಂಡು ಕೂರುವುದು ನನ್ನಿಂದಾಗದ ಕೆಲಸ.

ಆನೆಗೊಂದಿಯಲ್ಲಿ ಒಂದು ಮದುವೆಯ ಪಂಕ್ತಿ. ಎದುರಿಗೆ ಬಾಳೆಲೆ ಹಾಕಿದ್ದೇ ತಡ, ಪಕ್ಕದಲ್ಲಿ ಕುಳಿತಿದ್ದ ಬೀಗರಿಗೆ ಹೇಳಿದೆ: ಬಾಳೆ ಮರವೇ ಅಲ್ಲ, ಹುಲ್ಲಿನ ಹಾಗೆ ಅದೊಂದು ಗಿಡ. ಕಾಂಡ ಎಂದು ನಾವು ತಿಳಿದದ್ದು ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಬುಡಗಳು. ತೋಟದಲ್ಲಿ ಸಾಲಾಗಿ ನಿಂತವುಗಳೂ ಬೇರೆ ಬೇರೆ ಅಲ್ಲ, ಒಂದೇ ತಾಯಿ ಮರಿ ಹಾಕುತ್ತಾ ಹಾಕುತ್ತಾ ನಡೆದುಬಂದದ್ದು. ಬೀಗರು ಗೌರವದಿಂದ ತಲೆಯಾಡಿಸಿ, ಸಾರಿನವನನ್ನು ಕರೆದರು. ಇನ್ನೊಮ್ಮೆ ನಾಗರ ಪಂಚಮಿಯ ದಿನ, ಹಾವು ಹಾಲು ಕುಡಿಯುವ ಪ್ರಾಣಿಯೇ ಅಲ್ಲ ಎಂದು ಹುತ್ತದ ಮುಂದೆಯೇ ನಿಂತು ಹೇಳಿ, ನಾದಿನಿಯಿಂದ "ಹಂಗಾರ ನೀವ ಕುಡೀರಿ" ಅನ್ನಿಸಿಕೊಂಡೆ. ಅತ್ತಿ ಹಣ್ಣು ಹಣ್ಣಲ್ಲ, ಒಳಮುಖವಾಗಿ ಅರಳಿದ ನೂರಾರು ಹೂಗಳು, ಒಳಗಿರುವ ಹುಳ ಹಣ್ಣಿಗೆ ಬಿದ್ದ ಕೇಡಲ್ಲ, ಆ ಹೂಗಳ ಮದುವೆ ಮಾಡಿಸುವ ಪುರೋಹಿತ ಎಂದು ನಾನು ವಿವರಿಸಿದ ದಿನದಿಂದ ನಮ್ಮ ಯಜಮಾನರು ಅತ್ತಿ ಹಣ್ಣು ಮುಟ್ಟಿಲ್ಲ.

ಈಗ ಫೋನ್ ಬಂದಿದೆ, ಬಳಗದ ಗ್ರೂಪು ಬಂದಿದೆ. ಉಳಿದವರು ಬೆಳಿಗ್ಗೆ ದೇವರ ಚಿತ್ರ ಹಾಕಿದರೆ ನಾನೊಂದು ಸಂಗತಿ ಹಾಕುತ್ತೇನೆ. ಶುಕ್ರಗ್ರಹದಲ್ಲಿ ಒಂದು ದಿನವೆಂದರೆ ಅಲ್ಲಿಯ ಒಂದು ವರ್ಷಕ್ಕಿಂತ ದೊಡ್ಡದು ಎಂದು ಹಾಕಿದಾಗ, ಕುಷ್ಟಗಿಯಲ್ಲಿ ಕರೆಂಟಿನ ಇಲಾಖೆಯಲ್ಲಿರುವ ನನ್ನ ಅಕ್ಕನ ಮಗ, "ಅಲ್ಲಿ ದಿನಗೂಲಿ ಹೆಂಗ ಕೊಡ್ತಾರ್ರಿ ಚಿಗವ್ವಾ?" ಎಂದು ಕೇಳಿದ್ದ. ಆ ಗ್ರೂಪಿನಲ್ಲಿ ನನಗೆ ಬಂದ ಒಂದೇ ಒಂದು ಪ್ರಶ್ನೆ ಅದು. ಉಳಿದವರದೆಲ್ಲ ಎರಡು ಕೈ ಮುಗಿಯುವ ಚಿತ್ರ.

ನನ್ನ ಮಾತನ್ನು ಪೂರ್ತಿ ಕೇಳುವವಳು ಅಕ್ಕ ಒಬ್ಬಳೇ. ಬೇವೂರಿನ ಕಡೆ ಒಂದು ಹಳ್ಳಿಗೆ ಕೊಟ್ಟದ್ದು ಅವಳನ್ನು. ಅವ್ವನಿಗೆ ಹೊಲದ ಕೆಲಸ ಇರುತ್ತಿತ್ತಾದ್ದರಿಂದ ನನ್ನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳು ಅವಳು, ಅದಕ್ಕಾಗಿ ಸಾಲಿ ಬಿಟ್ಟವಳೂ ಹೌದು. ನಾನು ಯಾವ ಸೋಜಿಗ ಹೇಳಿದರೂ ಕೈಯ ಕೆಲಸ ನಿಲ್ಲಿಸಿ, ಬಾಯಿ ಅರ್ಧ ತೆರೆದು ಕೇಳುತ್ತಾಳೆ. ಮುಗಿದ ಮೇಲೆ, "ಇರಬಹುದವಾ, ದೇವರ ಆಟ" ಎಂದು ಮತ್ತೆ ರೊಟ್ಟಿ ಬಡಿಯುತ್ತಾಳೆ. ಶಕುನ, ಅಮಾವಾಸ್ಯೆ, ಹುಲಿಗೆಮ್ಮನ ಹರಕೆ, ಗ್ರಹಣ, ಯಾವುದನ್ನೂ ಅವಳು ಬಿಟ್ಟವಳಲ್ಲ. ಈ ವಿಷಯಕ್ಕೆ ನಾವಿಬ್ಬರೂ ಜಗಳವಾಡುತ್ತಲೇ ಮುದುಕಿಯರಾದೆವು.

ಅವಳ ಸೊಸೆ ಬಸುರಾದಾಗ ಅಕ್ಕ ಒಂದು ಮಾತು ಹೇಳಿದಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಆದರೆ ಆ ಹುಡುಗಿಗೆ ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದಳು, ತವರಿನಲ್ಲಿ ಇದ್ದದ್ದು ಅಣ್ಣಂದಿರ ಸಂಸಾರ. ಅಲ್ಲಿ ಇವಳ ಬಾಣಂತನ ಯಾರು ಮಾಡುತ್ತಾರೆ, ಸೊಸೆ ಇಲ್ಲೇ ಇರಲಿ, ನಾನೇ ನೋಡಿಕೊಳ್ಳುತ್ತೇನೆ ಎಂದು ಅಕ್ಕ ಬೀಗರ ಮನೆಗೆ ಹೇಳಿ ಕಳಿಸಿದಳು. ನನಗೆ ಅಕ್ಕನ ಮೇಲೆ ಅಭಿಮಾನ ಉಕ್ಕಿತು. ಏಳು ತಿಂಗಳಿಗೆ ಕುಬಸ ಮಾಡಿದರು. ಹಸಿರು ಸೀರೆ, ಮೊಣಕೈವರೆಗೂ ಹಸಿರು ಬಳೆ ತೊಟ್ಟು ಕುಳಿತ ಹುಡುಗಿಯ ಕಿವಿಯಲ್ಲಿ, ಹೊಟ್ಟೆಯೊಳಗಿನ ಕೂಸು ಈಗಾಗಲೇ ನಿನ್ನ ದನಿ ಗುರುತು ಹಿಡಿಯುತ್ತದೆ ಎಂದೆ. ಅವಳು ನಾಚಿ ತಲೆ ತಗ್ಗಿಸಿದಳು. ಕೂಸಿಗೆ ಕೇಳಿಸುವಷ್ಟು ಮಾತನ್ನೂ ಆಡದ ಹುಡುಗಿ ಅದು.

ಕುಬಸವಾಗಿ ಕೆಲವು ವಾರಗಳಿಗೆ ಸೂರ್ಯಗ್ರಹಣ ಬಂತು, ಬೆಳಗಿನ ಹೊತ್ತಿನದು. ನಾನು ಹಿಂದಿನ ದಿನವೇ ಗ್ರೂಪಿನಲ್ಲಿ, ಗ್ರಹಣದ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ನೋಡಿರಿ, ಎಲೆಗಳ ಸಂದಿನಿಂದ ಬೀಳುವ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿರುತ್ತವೆ ಎಂದು ಹಾಕಿದ್ದೆ. ಯಾರೂ ನೋಡಲಿಲ್ಲ. ಎಲ್ಲರೂ ಕದ ಹಾಕಿಕೊಂಡು ಒಳಗೆ ಕುಳಿತಿದ್ದರು.

ಕೂಸು ಹುಟ್ಟಿದ ಸುದ್ದಿಯನ್ನು ಅಕ್ಕನ ಮಗನೇ ಫೋನಿನಲ್ಲಿ ಹೇಳಿದ. ಹೆಣ್ಣು ಕೂಸು, ತಾಯಿ ಮಗಳು ಇಬ್ಬರೂ ಛಲೋ ಇದ್ದಾರೆ ಎಂದ. ಆಮೇಲೆ ಸುಮ್ಮನಾದ. ನಾನೇ ಕೆದಕಿ ಕೇಳಿದ ಮೇಲೆ, ಮೇಲ್ದುಟಿ ಸೀಳಿಕೊಂಡಿದೆ ಎಂದ. ಕೊಪ್ಪಳದ ಡಾಕ್ಟರರು ನೋಡಿ, ಅಂಗುಳ ಗಟ್ಟಿಯಾಗಿದೆ, ತುಟಿ ಮಾತ್ರ ಹೀಗಿದೆ, ಮೊಲೆ ಕುಡಿಯುತ್ತಿದೆ, ಮೂರು ತಿಂಗಳು ತುಂಬಿ ತೂಕ ಬಂದ ಮೇಲೆ ಹೊಲಿಗೆ ಹಾಕೋಣ, ಹೆದರುವಂಥದ್ದಲ್ಲ ಎಂದು ಹೇಳಿದ್ದರು. ಅವರು ಹೇಳಿದಂತೆಯೇ ಆಯಿತು. ಈಗ ಆ ಹುಡುಗಿ ಅಂಗನವಾಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಾಳೆ, ತುಟಿಯ ಮೇಲೆ ಹುಡುಕಿದರೆ ಸಿಗುವಂಥ ಒಂದು ಗೆರೆ ಇದೆ. ನಾನು ಹೇಳಹೊರಟದ್ದು ತುಟಿಯ ಕಥೆಯಲ್ಲ, ಅದಕ್ಕೆ ಹೊಲಿಗೆ ಬೀಳುವ ಮುಂಚಿನ ಕೆಲವು ದಿನಗಳ ಕಥೆ.

ಗಂಗಾವತಿಯಿಂದ ಬಸ್ಸು ಹತ್ತಿ ಹೋದೆ. ಕಾಲುವೆಯ ನೀರಿನ ಗದ್ದೆಗಳು ಮುಗಿದು ಬೀಳುಹೊಲ, ಕೊಯ್ದ ಸಜ್ಜೆಯ ಕೂಳೆ ಶುರುವಾಗುವಷ್ಟರಲ್ಲಿ ನನ್ನ ತಲೆಯಲ್ಲಿ ಹೇಳಬೇಕಾದ ಮಾತುಗಳೆಲ್ಲ ಸಿದ್ಧವಾಗಿದ್ದವು. ಹೋಗಿ ನೋಡಿದರೆ ಅಲ್ಲಿ ನನಗಿಂತ ಮೊದಲೇ ಬೇರೆ ಮಾತುಗಳು ಬಂದು ಕುಳಿತಿದ್ದವು.

ಬಾಣಂತಿಯನ್ನು ನೋಡಲು ಬಂದ ಹೆಂಗಸರು ಪಡಸಾಲೆಯಲ್ಲಿ ಕುಳಿತು ಎಲೆಯಡಿಕೆ ಹಾಕುತ್ತಿದ್ದರು. ನಮ್ಮ ಕಡೆ ಇಂಥ ತುಟಿಗೆ "ಗ್ರಹಣ ಹಿಡದೈತಿ" ಎನ್ನುತ್ತಾರೆ. ಬಸುರಿಯಾದವಳು ಗ್ರಹಣದ ಹೊತ್ತಿನಲ್ಲಿ ಏನನ್ನಾದರೂ ಹೆಚ್ಚಿದರೆ ಕೂಸಿನ ತುಟಿ ಹೆಚ್ಚಿದಂತಾಗುತ್ತದೆ ಎಂಬ ನಂಬಿಕೆ. ಅಕ್ಕನ ಗಂಡನ ಕಡೆಯ ದೂರದ ಸಂಬಂಧಿ, ವಯಸ್ಸಾದ ಒಬ್ಬ ಹೆಣ್ಣುಮಗಳು, ಆ ಹುಡುಗಿಯನ್ನು ನೇರವಾಗಿಯೇ ಕೇಳಿದ್ದಳಂತೆ, ಇಳಿಗಿ ಹಿಡಿದಿದ್ದೆಯೇನು ಅಂತ. ಬೇರೆ ಯಾರಾದರೂ ಆಗಿದ್ದರೆ ಇಲ್ಲ ಎಂದು ಹೇಳಿ ಪಾರಾಗುತ್ತಿದ್ದರು. ಈ ಹುಡುಗಿ "ಹೂಂ" ಎಂದುಬಿಟ್ಟಿದ್ದಳು. ಅಲ್ಲಿಗೆ ಊರಿಗೆಲ್ಲ ತೀರ್ಪು ಸಿಕ್ಕಿತು. ಬಂದವರೆಲ್ಲ ಕೂಸನ್ನು ನೋಡಿ, ತಾಯಿಯನ್ನು ನೋಡಿ, ನಾಲಿಗೆ ಲೊಚಗುಟ್ಟಿ ಹೋಗುತ್ತಿದ್ದರು. ತಾಯಿಯಿಲ್ಲದ ಹುಡುಗಿ, ಹೇಳಿಕೊಡುವವರಿಲ್ಲದೆ ಬೆಳೆದದ್ದು ಎಂಬ ಕನಿಕರ ಬೇರೆ. ಆ ಕನಿಕರಕ್ಕಿಂತ ಬೈಗುಳ ವಾಸಿ.

ಹುಡುಗಿ ಕೂಸಿನ ಮುಖದ ಮೇಲೆ ಸೆರಗು ಹಾಕಿಯೇ ಮಲಗಿಸುತ್ತಿದ್ದಳು. ಹಾಲು ಕುಡಿಸುವಾಗಲೂ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ತಾಟಿನಲ್ಲಿ ಹಾಕಿದ್ದರಲ್ಲಿ ಅರ್ಧ ಹಾಗೆಯೇ ಉಳಿಯುತ್ತಿತ್ತು. ನನಗೆ ಅದಕ್ಕಿಂತ ಹೆಚ್ಚು ನೋವಾದದ್ದು ಅಕ್ಕನನ್ನು ನೋಡಿ. ಅಕ್ಕ ಬಾಣಂತನದಲ್ಲಿ ಒಂದು ಎಳೆಯನ್ನೂ ಬಿಟ್ಟಿರಲಿಲ್ಲ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು, ಬಾಣಂತಿಗೆ ಬಿಸಿನೀರು, ಧೂಪ, ಅಂಟಿನ ಉಂಡಿ, ಬೆಳ್ಳುಳ್ಳಿ ಹುರಿದು ಹಾಕಿದ ಸಾರು, ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು. ಆದರೆ ಮಾತಿಲ್ಲ. ತಾಟು ಇಟ್ಟು ಹೊರಟುಬಿಡುವುದು. ಸೊಸೆಯ ಮುಖವನ್ನು ಅಪ್ಪಿತಪ್ಪಿಯೂ ನೋಡದಿರುವುದು. ಹೆಂಗಸರು ಆಡಿಕೊಳ್ಳುವಾಗ ಅಕ್ಕ ಕಂಬದ ಹಾಗೆ ನಿಂತಿರುತ್ತಿದ್ದಳು, ಒಬ್ಬರಿಗೂ ಎದುರಾಡಲಿಲ್ಲ. ಇಡೀ ಊರು ಬೈದರೂ ತಡೆದುಕೊಳ್ಳಬಹುದು, ಇಂಥ ಮೌನವನ್ನು ಆ ಹುಡುಗಿ ಹೇಗೆ ತಡೆದಾಳು ಎಂದು ನನ್ನೊಳಗೆ ಸಿಟ್ಟು ಕುದಿಯತೊಡಗಿತು.

ಸಿಟ್ಟು ಬಂದಾಗ ನಾನು ಪಾಠ ಮಾಡುತ್ತೇನೆ. ಆ ದಿನವೂ ಪಡಸಾಲೆಯಲ್ಲಿ ಪಾಠ ಶುರು ಮಾಡಿದೆ. ಗ್ರಹಣ ಎಂದರೆ ನೆರಳು. ಸೂರ್ಯ ಚಂದ್ರನಿಗಿಂತ ಎಷ್ಟು ಪಟ್ಟು ದೊಡ್ಡವನೋ ಹೆಚ್ಚುಕಡಿಮೆ ಅಷ್ಟೇ ಪಟ್ಟು ದೂರ ಇದ್ದಾನೆ, ಅದಕ್ಕೇ ಇಬ್ಬರೂ ನಮ್ಮ ಕಣ್ಣಿಗೆ ಒಂದೇ ಅಳತೆಗೆ ಕಾಣುತ್ತಾರೆ, ಒಬ್ಬನು ಇನ್ನೊಬ್ಬನನ್ನು ಮುಚ್ಚುತ್ತಾನೆ. ಚಂದ್ರ ನಿಧಾನವಾಗಿ ನಮ್ಮಿಂದ ದೂರ ಸರಿಯುತ್ತಿದ್ದಾನೆ, ಮುಂದೆ ಯಾವುದೋ ಕಾಲಕ್ಕೆ ಪೂರ್ತಿ ಗ್ರಹಣವೇ ಇರುವುದಿಲ್ಲ. ಹೆಂಗಸರು ಕೇಳಿದರು. ಆ ದೂರದ ಸಂಬಂಧಿ ಮಾತ್ರ ಒಂದೇ ಪ್ರಶ್ನೆ ಹಾಕಿದಳು, "ಹಂಗಾರ ಗ್ರಹಣದಾಗ ಒನಕಿ ಹೆಂಗ ನಿಲ್ತೈತ್ರಿ ಟೀಚರಮ್ಮ?"

ಇದನ್ನು ಸ್ವಲ್ಪ ಹೇಳಬೇಕು. ನಮ್ಮ ಕಡೆಯ ಮನೆಗಳಲ್ಲಿ ಗ್ರಹಣ ಹಿಡಿದ ಕೂಡಲೇ ಹಿತ್ತಾಳೆಯ ಪರಾತದಲ್ಲಿ ನೀರು ಹಾಕಿ, ಅದರ ನಡುವೆ ಒನಕೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಗ್ರಹಣ ಇರುವಷ್ಟು ಹೊತ್ತು ಅದು ಯಾರ ಆಸರೆಯೂ ಇಲ್ಲದೆ ನಿಲ್ಲುತ್ತದೆ, ಗ್ರಹಣ ಬಿಟ್ಟ ಗಳಿಗೆಗೆ ತಾನಾಗಿ ಬೀಳುತ್ತದೆ ಎನ್ನುತ್ತಾರೆ. ಟಿವಿಯವರು ಏನು ಹೇಳಲಿ, ಪಂಚಾಂಗ ಏನು ಹೇಳಲಿ, ಮನೆಯ ಗಡಿಯಾರ ಒನಕೆಯೇ. ಅದು ಬಿದ್ದ ಮೇಲೆ ಸ್ನಾನ, ಒಲೆ, ಊಟ.

ಒನಕೆ ಯಾವ ದಿನ ಬೇಕಾದರೂ ನಿಲ್ಲುತ್ತದೆ, ತಳ ಸಮ ಇದ್ದರೆ ಸಾಕು ಎಂದೆ. ನಿಲ್ಲಿಸಿ ತೋರಿಸಿರಿ ಎಂದರು. ಪರಾತ ಬಂತು, ನೀರು ಬಂತು, ಒನಕೆ ಬಂತು. ನಿಲ್ಲಿಸಿದೆ, ಬಿತ್ತು. ಮತ್ತೆ ನಿಲ್ಲಿಸಿದೆ, ನನ್ನ ಕಾಲಿನ ಮೇಲೆಯೇ ಬಿತ್ತು. ಸೀರೆ ತೊಯ್ದಿತು. ನೆಲ ಸರಿಯಾಗಿಲ್ಲ ಎಂದು ಬಾಯಿ ತಪ್ಪಿ ಅಂದದ್ದೇ ತಪ್ಪಾಯಿತು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಯಾರೋ ಅಂದರು, ಪಡಸಾಲೆಯೆಲ್ಲ ನಕ್ಕಿತು. ಅಕ್ಕ ನಗಲಿಲ್ಲ. ಒನಕೆಯನ್ನು ಸೆರಗಿನಿಂದ ಒರೆಸಿ ಮೂಲೆಗಿಟ್ಟು ಒಳಗೆ ಹೋದಳು. ನನಗೆ ಅಳು ಬರುವಷ್ಟು ಅವಮಾನವಾಯಿತು. ನನ್ನ ಮಾನ ಹೋದದ್ದಕ್ಕಲ್ಲ. ಒಳಕೋಣೆಯಲ್ಲಿ ಆ ಹುಡುಗಿ ಇದೆಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು, ನಾನು ಅವಳ ಪರವಾಗಿ ನಿಲ್ಲಿಸಿದ ಒಂದೇ ಒಂದು ಸಾಕ್ಷಿ ದಡಕ್ಕನೆ ನೆಲಕ್ಕೆ ಬಿದ್ದಿತ್ತು.

ಮಧ್ಯಾಹ್ನ ಹೆಂಗಸರೆಲ್ಲ ಅವರವರ ಮನೆಗೆ ಹೋದ ಮೇಲೆ ಬಾಣಂತಿಯ ಕೋಣೆಗೆ ಹೋಗಿ ಕುಳಿತೆ. ಅದು ತಗಡು ಹೊದಿಸಿದ ಕೋಣೆ. ಕೂಸು ಮಲಗಿತ್ತು. ಯಾವ ಸೋಜಿಗವನ್ನೂ ಹೇಳಲು ಹೋಗದೆ ಕೂಸಿಗೆ ಗಾಳಿ ಹಾಕುತ್ತಾ ಕುಳಿತೆ. ನನ್ನ ಮಟ್ಟಿಗೆ ಅದು ದೊಡ್ಡ ಸಂಯಮ. ಕಡೆಗೆ ಅವಳೇ ಶುರು ಮಾಡಿದಳು. ಗ್ರಹಣದ ದಿನ ಈ ಕೋಣೆಯಲ್ಲೇ ಅವಳನ್ನು ಕೂಡಿಸಿದ್ದರಂತೆ. ಕಿಟಕಿಗೆ ಕಂಬಳಿ ಕಟ್ಟಿದ್ದರು. ಹಿಂದಿನ ರಾತ್ರಿ ಉಂಡದ್ದೇ, ಬೆಳಿಗ್ಗೆಯಿಂದ ಹನಿ ನೀರೂ ಇಲ್ಲ. ಹೊಟ್ಟೆಯೊಳಗೆ ಕೂಸು ಒದೆಯುತ್ತಿತ್ತು. ಆಮೇಲೆ ಪಡಸಾಲೆಯಲ್ಲಿ ಒನಕೆ ಬಿತ್ತು. ಗ್ರಹಣ ಬಿಟ್ಟಿತು ಎಂದು ಎದ್ದು, ನೀರು ಹೊಯ್ದುಕೊಂಡು, ಬುಟ್ಟಿಯಲ್ಲಿದ್ದ ಸವತಿಕಾಯಿ ಹೆಚ್ಚಿ ತಿಂದಳು. ತಿಂದು ಬಹಳ ಹೊತ್ತಾದ ಮೇಲೆ ಗುಡಿಯ ಮೈಕಿನಲ್ಲಿ ಗ್ರಹಣ ಬಿಟ್ಟಿತು ಎಂದು ಕೂಗಿದರು.

ಒನಕೆ ಬಿದ್ದ ಮೇಲೆ ತಾನೇ ನೀನು ಹೆಚ್ಚಿದ್ದು, ಅದರಲ್ಲಿ ನಿನ್ನದೇನು ತಪ್ಪು ಎಂದೆ. ಅವಳು ತಲೆ ಅಲ್ಲಾಡಿಸಿದಳು. ತಗಡಿನಲ್ಲಿ ಒಂದು ಮೊಳೆಯ ತೂತು ತೋರಿಸಿದಳು. ಅದರಿಂದ ದಿನಾ ಬೆಳಿಗ್ಗೆ ಗೋಡೆಯ ಮೇಲೆ ರೂಪಾಯಿಯಷ್ಟು ದುಂಡನೆಯ ಬೆಳಕು ಬೀಳುತ್ತದಂತೆ.

"ಅವತ್ತು ಅದು ಕಡದ ರೊಟ್ಟಿ ಹಂಗ ಇತ್ತರಿ ಚಿಗವ್ವಾರ. ಆಮ್ಯಾಲ ಕುಡಗೋಲಿನಂಗ ಆತು."

ಅದು ಸೂರ್ಯನ ಚಿತ್ರ ನೋಡವ್ವಾ, ಎಂದು ಎದ್ದೇ ಬಿಟ್ಟೆ. ಸಣ್ಣ ತೂತಿನಿಂದ ಬಂದ ಬೆಳಕು ತೂತಿನ ಆಕಾರದಲ್ಲಿ ಬೀಳುವುದಿಲ್ಲ, ಸೂರ್ಯನ ಆಕಾರದಲ್ಲಿ ಬೀಳುತ್ತದೆ, ದಿನಾ ನೀನು ನೋಡುತ್ತಿದ್ದ ದುಂಡು ಬೆಳಕೂ ಸೂರ್ಯನೇ, ಅವತ್ತು ಗೋಡೆಯ ಮೇಲೆ ನೀನು ಗ್ರಹಣವನ್ನೇ ಕಂಡಿದ್ದೀ, ಇಡೀ ಬಳಗದಲ್ಲಿ ಅದನ್ನು ಕಂಡವಳು ನೀನೊಬ್ಬಳೇ ಎಂದು ಉತ್ಸಾಹದಲ್ಲಿ ಹೇಳುತ್ತಾ ಹೋದೆ. ಹೇಳುತ್ತಾ ಹೇಳುತ್ತಾ ಅವಳ ಮುಖ ಕಂಡಿತು, ನನ್ನ ಬಾಯಿ ನಿಂತಿತು.

"ನಾ ಇಳಿಗಿ ಮ್ಯಾಲ ಕುಂತಾಗ ಅದು ಇನ್ನೂ ದುಂಡಗ ಆಗಿರಲಿಲ್ಲರಿ. ನನಗ ಗೊತ್ತಿತ್ತು. ಗೊತ್ತಿದ್ದೂ ಹೆಚ್ಚೀನಿ. ಭಾಳ ಹಸಿವಾಗಿತ್ತು. ನನ್ನ ಕೈಯಿಂದನ ನನ್ನ ಕೂಸಿನ ತುಟಿ ಹೆಚ್ಚೀನಿ."

ಅವಳು ಅಳಲಿಲ್ಲ. ಯಾವುದೋ ಕಚೇರಿಯಲ್ಲಿ ಹೇಳಿಕೆ ಕೊಡುವವಳ ಹಾಗೆ ಹೇಳಿದಳು. ನನಗೇ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಸೋಜಿಗ ಸೋಜಿಗ ಎಂದು ನಾನು ಹಂಚಿದ್ದೆಲ್ಲ ಬರೀ ಪಂಕ್ತಿಯ ಹರಟೆಯೇ ಆಗಿದ್ದರೆ ಅದರಿಂದ ಏನು ಉಪಯೋಗ ಎಂದು ಆ ಕ್ಷಣ ಅನ್ನಿಸಿತು. ಅವಳ ಕೈ ಹಿಡಿದು, ಅವಳ ಬೆರಳನ್ನು ಅವಳ ಮೂಗಿನ ಕೆಳಗೆ, ಮೇಲ್ದುಟಿಯ ಮೇಲಿನ ಸಣ್ಣ ತಗ್ಗಿನಲ್ಲಿ ಇಡಿಸಿದೆ.

ನಿಧಾನವಾಗಿ ಹೇಳಿದೆ. ಹೊಟ್ಟೆಯಲ್ಲಿ ಯಾರ ಮುಖವೂ ಒಂದೇ ಅಖಂಡವಾಗಿ ಹುಟ್ಟುವುದಿಲ್ಲ, ತುಂಡು ತುಂಡಾಗಿ ಶುರುವಾಗುತ್ತದೆ. ಹಣೆಯ ಕಡೆಯಿಂದ ಒಂದು ಭಾಗ ಇಳಿದು ಬರುತ್ತದೆ, ಎರಡು ಕೆನ್ನೆಯ ಕಡೆಯಿಂದ ಎರಡು ಭಾಗ ಸರಿದು ಬರುತ್ತವೆ. ಮೂಗಿನ ಕೆಳಗೆ ಮೂರೂ ಸಂಧಿಸಿ ಬೆಸೆದುಕೊಳ್ಳುತ್ತವೆ. ಈ ತಗ್ಗಿನ ಎರಡು ಬದಿಗೆ ಸಣ್ಣ ಏಣು ಸಿಗುತ್ತವಲ್ಲ, ಅವು ಆ ಬೆಸುಗೆಯ ಗುರುತು. ನಿನಗೂ ಇದೆ, ನನಗೂ ಇದೆ, ಪಡಸಾಲೆಯಲ್ಲಿ ಕುಳಿತು ನಾಲಿಗೆ ಲೊಚಗುಟ್ಟಿದವರಿಗೂ ಇದೆ. ನಾವೆಲ್ಲರೂ ಒಂದು ಕಾಲಕ್ಕೆ ಸೀಳುದುಟಿಯವರೇ. ನಮ್ಮದು ಕೂಡಿತು, ನಿನ್ನ ಮಗಳದು ಕೂಡುವುದು ಉಳಿಯಿತು. ಇದು ಕತ್ತರಿಸಿದ್ದಲ್ಲ. ಕೂಡದೆ ಉಳಿದದ್ದು.

ಅವಳು ಬೆರಳನ್ನು ತೆಗೆಯಲಿಲ್ಲ. ತಗ್ಗಿನಲ್ಲಿ ಮೇಲೆ ಕೆಳಗೆ ಆಡಿಸುತ್ತಾ ಕೇಳುತ್ತಿದ್ದಳು.

"ಯಾವಾಗ ಕೂಡತೈತ್ರಿ ಅದು?"

"ಎರಡು ತಿಂಗಳು ತುಂಬೂದರಾಗ. ಅಷ್ಟರಾಗ ಕೂಡಿದ್ರ ಕೂಡಿತು, ಇಲ್ಲಂದ್ರ ಇಲ್ಲ."

ಅವಳು ಲೆಕ್ಕ ಹಾಕಿದಳು. ಅದಕ್ಕೆ ಪಂಚಾಂಗ ಬೇಕಾಗಿರಲಿಲ್ಲ. ಎರಡು ತಿಂಗಳಲ್ಲಿ ಅವಳು ಬಸುರಿ ಎಂದು ಗಂಡನಿಗೂ ಹೇಳಿರಲಿಲ್ಲ, ಅವಳಿಗೇ ಖಾತ್ರಿಯಿರಲಿಲ್ಲ. ಗ್ರಹಣ ಬಂದದ್ದು ಹಸಿರು ಬಳೆ ತೊಟ್ಟು ಕುಬಸ ಮಾಡಿಸಿಕೊಂಡ ಮೇಲೆ. ಆ ದಿನ ಅವಳು ಸವತಿಕಾಯಿ ಹೆಚ್ಚಲಿ, ಸೌದೆ ಒಡೆಯಲಿ, ಕೂಸಿನ ತುಟಿ ಹೇಗಿರಬೇಕೆಂಬುದು ಎಂದೋ ಮುಗಿದುಹೋದ ಮಾತು. ಹಾಗಾದರೆ ಯಾಕೆ ಕೂಡಲಿಲ್ಲ ಎಂದು ಕೇಳಿದಳು. ಒಮ್ಮೊಮ್ಮೆ ವಂಶದಲ್ಲಿ ಬರುತ್ತದೆ, ಒಮ್ಮೊಮ್ಮೆ ಕಾರಣವೇ ತಿಳಿಯುವುದಿಲ್ಲ, ನಿನ್ನ ಕೂಸಿಗೆ ಯಾಕೆ ಹೀಗಾಯಿತೆಂಬುದು ನನಗೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಬರುವುದು ಅಪರೂಪ. ಅದೇ ಮಾತಿಗೆ ಅವಳಿಗೆ ನಂಬಿಕೆ ಬಂದಂತೆ ಕಂಡಿತು. ಈಗ ಅತ್ತಳು, ದನಿ ತೆಗೆದು ಅತ್ತಳು. ಕೂಸು ಎದ್ದು ಅದೂ ಅತ್ತಿತು. ಹುಟ್ಟಿದ ಕೂಸಿಗೆ ಮೊದಲ ಕೆಲವು ವಾರ ಅಳುವಿದ್ದರೂ ಕಣ್ಣೀರಿರುವುದಿಲ್ಲ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಕೂಸಿಗೆ ಹಾಲು ಕೊಡುತ್ತಾ ಅವಳು ಒಂದು ಮಾತು ಹೇಳಿದಳು, "ಇದನ್ನ ಅತ್ತಿಯಾರಿಗೆ ಹೇಳ್ರಿ. ಮೊದಲ ಅವರಿಗೆ ಹೇಳ್ರಿ."

ನನಗೆ ಅರ್ಥವಾದದ್ದು ಒಂದೇ: ಅತ್ತೆಯ ಮೌನದಿಂದ ನನ್ನನ್ನು ಬಿಡಿಸಿರಿ ಎಂದು ಬೇಡುತ್ತಿದ್ದಾಳೆ. ಒಳಗೆ ಕುದಿಯುತ್ತಿದ್ದ ಸಿಟ್ಟೆಲ್ಲ ಉಕ್ಕಿ ಬಂತು. ಹಿತ್ತಲಿಗೆ ನಡೆದೆ.

ಅಕ್ಕ ಹಂಡೆಯ ಒಲೆಗೆ ತೊಗರಿ ಕಟ್ಟಿಗೆ ತುರುಕುತ್ತಿದ್ದಳು, ಸಂಜೆಯ ಸ್ನಾನದ ನೀರಿಗೆ. ನಾನು ನಿಂತಲ್ಲಿಂದಲೇ ಬೈದೆ. ಹೊಟ್ಟೆಯಲ್ಲಿ ಕರುಳಿದೆಯೋ ಇಲ್ಲವೋ, ತಾಯಿಯಿಲ್ಲದ ಹುಡುಗಿಗೆ ತಾಯಿಯಾಗುತ್ತೇನೆಂದು ಊರಿಗೆಲ್ಲ ಹೇಳಿ ಈಗ ಮುಖ ತಿರುಗಿಸಿಕೊಂಡು ಓಡಾಡುತ್ತೀಯಲ್ಲ, ಬೈಯುವುದಿದ್ದರೆ ಒಮ್ಮೆ ಬೈದು ಮುಗಿಸು ಎಂದೆ. ಆಮೇಲೆ ತುಟಿಯ ಕಥೆಯನ್ನು ಅವಳಿಗೂ ಹೇಳಿದೆ, ಆದರೆ ಕಲ್ಲು ಎಸೆದ ಹಾಗೆ ಹೇಳಿದೆ. ಎರಡು ತಿಂಗಳಲ್ಲೇ ಮುಗಿದುಹೋಗಿರುತ್ತದೆ, ಗ್ರಹಣಕ್ಕೂ ಇಳಿಗೆಗೂ ಅದಕ್ಕೂ ಏನೇನೂ ಸಂಬಂಧವಿಲ್ಲ, ಸುಮ್ಮನೆ ಒಂದು ಹುಡುಗಿಯನ್ನು ಕೊಲ್ಲುತ್ತಿದ್ದೀರಿ ಎಂದೆ.

ಅಕ್ಕ ಎಂದಿನಂತೆ ಕೈಯ ಕೆಲಸ ನಿಲ್ಲಿಸಿ ಕೇಳಿದಳು. ಬಾಯಿ ಅರ್ಧ ತೆರೆದಿತ್ತು. ಆದರೆ ದೇವರ ಆಟ ಎನ್ನಲಿಲ್ಲ.

"ಎರಡನೇ ತಿಂಗಳದಾಗ ಅಂದ್ಯಾ? ಕುಬಸಕ್ಕಿಂತ ಮೊದಲ?"

ಹೌದು ಎಂದೆ. ಮತ್ತೆ ಕೇಳಿದಳು. ಮತ್ತೆ ಹೌದು ಎಂದೆ. ಪುಸ್ತಕದಲ್ಲಿದೆಯೇ, ಡಾಕ್ಟರರೂ ಹಾಗೆಯೇ ಹೇಳುತ್ತಾರೆಯೇ ಎಂದು ಕೇಳಿದಳು. ಹೇಳುತ್ತಾರೆ, ಬೇಕಾದರೆ ನಾಳೆ ಕೊಪ್ಪಳಕ್ಕೆ ಕರೆದುಕೊಂಡು ಹೋಗುತ್ತೇನೆ, ನೀನೇ ಕೇಳು ಎಂದೆ. ಅಕ್ಕ ಒಲೆಯ ಮುಂದೆ ಕುಕ್ಕರಿಸಿದವಳು ಹಾಗೆಯೇ ನೆಲಕ್ಕೆ ಕುಳಿತುಬಿಟ್ಟಳು. ಬೆಂಕಿಯ ಕಡೆ ನೋಡುತ್ತಾ ಮಾತಾಡಿದಳು.

"ಒನಕಿ ತಾನಾಗಿ ಬಿದ್ದಿಲ್ಲ. ನಾನ ಒದ್ದೆ. ಹುಡುಗಿ ಬಾಗಲಾ ಹಿಡಕೊಂಡು ನಿಂತಿತ್ತು, ಮಾರಿ ಬಾಡಿಹೋಗಿತ್ತು. ಹೊಟ್ಟ್ಯಾಗಿನ ಕೂಸೂ ಹಸದಿರತೈತಿ ಅನ್ನಿಸ್ತು. ಒನಕಿ ನೋಡಿದ್ರ ಬೀಳವಲ್ದು. ಅಕಿ ಒಳಗ ತಿರುಗಿದ್ದು ನೋಡಿ ಕಾಲಿಲೆ ಒದ್ದು, ಬಿಟ್ಟೈತಿ ಏಳವಾ, ಏನರ ತಿನ್ನು ಅಂದೆ. ಒನಕಿ ನಿಲ್ಲಸಾಕಿನೂ ನಾನ, ಬೀಳಸಾಕಿನೂ ನಾನ. ಗ್ರಹಣ ಮಾತ್ರ ನನ್ನ ಕೈಯಾಗ ಇರಲಿಲ್ಲ."

ಕೂಸು ಹುಟ್ಟಿದಾಗಿನಿಂದ ಅವಳು ಸೊಸೆಯ ಮುಖ ನೋಡದಿದ್ದದ್ದು ಸಿಟ್ಟಿಗಲ್ಲ. ಹಸಿದವಳಿಗೆ ಮರುಗಿ ಮಾಡಿದ ಒಂದು ಕೆಲಸದಿಂದ ಮೊಮ್ಮಗಳ ತುಟಿ ಸೀಳಿತು ಎಂದು ಅವಳು ನಂಬಿದ್ದಳು. ಹೇಳಲು ಬಾಯಿ ಬಂದಿರಲಿಲ್ಲ, ಊರು ಸೊಸೆಯನ್ನು ಅಂದಷ್ಟೂ ಹೇಳುವುದು ಇನ್ನಷ್ಟು ಕಷ್ಟವಾಗಿತ್ತು. ಬೈಯಲು ಬಂದ ನಾನು ಅವಳ ಪಕ್ಕದಲ್ಲಿ ಬೂದಿಯ ಮೇಲೆಯೇ ಕುಳಿತೆ.

"ಹಂಗಾರ ನಂದೂ ತಪ್ಪಿಲ್ಲೇನ?" ಎಂದು ಅಕ್ಕ ಕೇಳಿದಳು. ನನ್ನನ್ನು ಬಗಲಲ್ಲಿ ಹೊತ್ತವಳು ಸಣ್ಣ ಕೂಸಿನ ಹಾಗೆ ಕೇಳಿದಳು.

"ಇಲ್ಲಕ್ಕ. ಯಾರದೂ ಇಲ್ಲ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಕಟ್ಟಿಗೆಯನ್ನು ಹೊರಗೆ ಎಳೆದು ಒಲೆ ಸಣ್ಣ ಮಾಡಿ, ನೇರ ಬಾಣಂತಿಯ ಕೋಣೆಗೆ ಹೋದಳು. ನಾನು ಹಿಂದೆಯೇ ಹೋದೆ. ಹುಡುಗಿ ಕೂಸಿನ ಮುಖದ ಮೇಲಿನ ಸೆರಗು ತೆಗೆದು ಅದನ್ನೇ ನೋಡುತ್ತಾ ಕುಳಿತಿದ್ದಳು. ಅತ್ತೆಯನ್ನು ಕಂಡು ಏಳಲು ಹೋದಳು. ಅಕ್ಕ ಅವಳ ಭುಜ ಒತ್ತಿ ಕೂಡಿಸಿದಳು, ತಾನೂ ಎದುರಿಗೆ ಕುಳಿತಳು. ಇಷ್ಟು ದಿನಗಳಲ್ಲಿ ಮೊದಲ ಸಲ ಸೊಸೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಅವತ್ತು ಒನಕಿ ನಾನ ಒದ್ದು ಬೀಳಿಸೀನವಾ."

"ಗೊತ್ತೈತ್ರಿ ಅತ್ತಿ," ಎಂದಳು ಹುಡುಗಿ. "ತಿರುಗಿ ನೋಡಿದ್ದೆ."

ಅಕ್ಕ, ಅಷ್ಟು ಮಂದಿ ಅಷ್ಟೊಂದು ಅಂದಾಗ ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ನಮ್ಮವ್ವ ಹೋದ ಮ್ಯಾಲ ನನ್ನ ಹಸಿವು ನೋಡಿ ಮರುಗಿದವರು ನೀವೊಬ್ಬರರಿ. ಅದನ್ನ ತಪ್ಪು ಅಂತ ಮಂದಿ ಮುಂದ ಹೆಂಗ ಹೇಳ್ಲಿ?"